ಎಸ್‌ಡಿ ಕಾರ್ಡ್ ಡ್ರೈವರ್‌ನಲ್ಲಿ ಕ್ಲಾಕ್ ನಿಭಾಯಿಸಿದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಹೊಸ ಬೋರ್ಡ್‌ಗೆ ಲಿನಕ್ಸ್ ಎಸ್‌ಡಿ ಹೋಸ್ಟ್ (ಕಾರ್ಡ್ ನಡೆಸೋ ಕಂಟ್ರೋಲರ್) ಡ್ರೈವರ್ ಬರೀತಿದ್ದೀನಿ. ಕಂಟ್ರೋಲರ್‌ಗೆ ಎರಡು ಕ್ಲಾಕ್ (ತಾಳ ಕೊಡೋ ಸಿಗ್ನಲ್): ರಿಜಿಸ್ಟರ್ (ಚಿಪ್ ನಿಯಂತ್ರಿಸೋ ಒಳಗಿನ ಜಾಗ) ಮುಟ್ಟೋಕೆ ಬಸ್ ಕ್ಲಾಕ್, ಕಾರ್ಡ್‌ಗೆ ಹೋಗೋದು ಇನ್ನೊಂದು. ಬೂಟ್ ಶುರುವಲ್ಲಿ ಕಾರ್ಡ್ ಸಿಗುತ್ತೆ, ಬೂಟ್ ಮುಗಿಯೋ ಹೊತ್ತಿಗೆ ಬೋರ್ಡ್ ಕಲ್ಲಾಗಿ ನಿಲ್ಲುತ್ತೆ. ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ (ಕೆಲಸ ಇಲ್ಲದಾಗ ಡಿವೈಸ್ ಮಲಗಿಸೋದು) ಇನ್ನೂ ಸೇರಿಸಿಲ್ಲ. ಏನೇನು ನೋಡ್ಕೋಬೇಕು?

ಉತ್ತರ 1
ನನಗೂ ಹೀಗೇ ಆಗಿತ್ತು, ಎರಡು ದಿನ ಹೋಯ್ತು. ಬೂಟ್‌ಲೋಡರ್ ಕರ್ನಲ್ಲನ್ನು ಅದೇ ಕಾರ್ಡ್‌ನಿಂದ ಓದಿ, ಕ್ಲಾಕ್ ಆನ್ ಇಟ್ಟೇ ಹೋಗಿರುತ್ತೆ. ನನ್ನ ಡ್ರೈವರ್ ಬಸ್ ಕ್ಲಾಕ್ ಕೇಳೇ ಇರಲಿಲ್ಲ, ಆ ಋಣದಲ್ಲೇ ಓಡ್ತಿತ್ತು. ಬೂಟ್ ಕೊನೆಯಲ್ಲಿ ಕರ್ನಲ್ ಯಾರೂ ಕೇಳದ ಕ್ಲಾಕ್‌ಗಳನ್ನೆಲ್ಲ ಆರಿಸುತ್ತೆ. ಆಮೇಲೆ ಮೊದಲ ರಿಜಿಸ್ಟರ್ ಓದಿದ್ದೇ ಸಿಸ್ಟಂ ಸತ್ತ ಹಾಗೆ. ಕರ್ನಲ್ ಕಮಾಂಡ್ ಲೈನಿಗೆ 'ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್' ಆಯ್ಕೆ ಹಾಕಿ ನೋಡಿ. ಹ್ಯಾಂಗ್ ಹೋದರೆ ಕಾರಣ ಇದೇ. ಆದರೆ ಅದನ್ನೇ ಪರಿಹಾರ ಅಂತ ಬಿಡಬೇಡಿ. ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಸ್ಥಿತಿ ತೋರಿಸೋ ಫೈಲ್‌ಗಳು) ಕ್ಲಾಕ್ ಸಮರಿಯಲ್ಲಿ ಬಸ್ ಕ್ಲಾಕ್‌ನ ಎನೇಬಲ್ ಕೌಂಟ್ (ಆನ್ ಇಡಿ ಅಂತ ಕೇಳಿರೋ ಲೆಕ್ಕ) ಕನಿಷ್ಠ 1 ಇರಬೇಕು. ಪ್ರೋಬ್‌ನಲ್ಲಿ (ಡ್ರೈವರ್ ಶುರುವಾಗುವಾಗ ಓಡೋ ಫಂಕ್ಷನ್) ಮೊದಲು ಬಸ್ ಕ್ಲಾಕ್ ಆನ್ ಮಾಡಿ, ನಂತರ ಕಾರ್ಡ್ ಕ್ಲಾಕ್. ಎರಡನೆಯದು ಕೈಕೊಟ್ಟರೆ ಮೊದಲನೆಯದನ್ನು ಆರಿಸಿಯೇ ಹೊರಬನ್ನಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ನಾನು ಆವರ್ತನದ ವಿಷಯ ಹೇಳ್ತೀನಿ, ಇದರಲ್ಲಿ ಒಂದು ವಾರ ಕಳೆದಿದ್ದೀನಿ. ಕಾರ್ಡ್ ಗುರುತಿಸೋ ಹಂತದಲ್ಲಿ ಕ್ಲಾಕ್ 400 ಕಿಲೋಹರ್ಟ್ಸ್ ದಾಟಬಾರದು. ನನ್ನ ಮೂಲ ಕ್ಲಾಕ್ 200 ಮೆಗಾಹರ್ಟ್ಸ್, ಅದನ್ನು ಭಾಗಿಸೋ ಕಂಟ್ರೋಲರ್‌ನ ಡಿವೈಡರ್ 256ಕ್ಕೆ ಮುಗೀತಿತ್ತು. ಹೊಸ ಕಾರ್ಡ್‌ಗಳೆಲ್ಲ ಓಡಿದವು. ಹಳೇ 2 ಜಿಬಿ ಕಾರ್ಡ್ ಒಂದೇ ಪ್ರತಿಸಲ ಎರರ್ -110, ಅಂದರೆ ಟೈಮ್‌ಔಟ್. ಕೊನೆಗೆ ಕ್ಲಾಕ್ ಪಿನ್ನಿಗೆ ಆಸಿಲೋಸ್ಕೋಪ್ ಹಿಡಿದೆ. ಒಂದು ಸೈಕಲ್ 2.5 ಮೈಕ್ರೋಸೆಕೆಂಡಿಗಿಂತ ಕಡಿಮೆ ಇರಬಾರದು, ತೆರೆಯ ಮೇಲೆ ಕಂಡಿದ್ದು 1.28. ಸುಮಾರು 781 ಕಿಲೋಹರ್ಟ್ಸ್! ಮೂಲ ಕ್ಲಾಕನ್ನೇ 100 ಮೆಗಾಹರ್ಟ್ಸ್‌ಗೆ ಇಳಿಸಿದೆ, 390ರ ಆಸುಪಾಸು ಬಂತು, ಆ ಕಾರ್ಡೂ ಎದ್ದಿತು. ಅಂದಿನಿಂದ ಸೆಟ್ ರೇಟ್ (ಕ್ಲಾಕ್ ವೇಗ ಕೇಳೋ ಫಂಕ್ಷನ್) ಕರೆದ ಮೇಲೆ ನಿಜವಾಗಿ ಎಷ್ಟು ಸಿಕ್ಕಿತು ಅಂತ ಗೆಟ್ ರೇಟ್‌ನಿಂದ ಓದಿಯೇ ಡಿವೈಡರ್ ಲೆಕ್ಕ ಹಾಕ್ತೀನಿ.

ಡಿವೈಡರ್ ಬದಲಿಸೋ ಮುಂಚೆ ಕಾರ್ಡ್ ಕ್ಲಾಕ್ ನಿಲ್ಲಿಸಿ. ಒಳಗಿನ ಕ್ಲಾಕ್ ಸ್ಥಿರವಾಗಿದೆ ಅನ್ನೋ ಬಿಟ್ ಬಂದ ಮೇಲೆ ಬಿಡಿ. ಇನ್ನೊಂದು: ಸೆಟ್-ಐಒಎಸ್‌ಗೆ (ಕ್ಲಾಕ್ ಮುಂತಾದವು ಬದಲಿಸಲು ಕರ್ನಲ್ ಕರೆಯೋ ಡ್ರೈವರ್ ಫಂಕ್ಷನ್) ಕ್ಲಾಕ್ 0 ಅಂತ ಬಂದರೆ ನಿಜವಾಗಿಯೂ ನಿಲ್ಲಿಸಲೇಬೇಕು. ಸಿಗ್ನಲ್ 3.3 ವೋಲ್ಟ್‌ನಿಂದ 1.8ಕ್ಕೆ ಹೋಗುವಾಗ ಕನಿಷ್ಠ 5 ಮಿಲಿಸೆಕೆಂಡ್ ಕ್ಲಾಕ್ ನಿಂತಿರಬೇಕು ಅನ್ನೋದು ಸ್ಪೆಸಿಫಿಕೇಶನ್. ಅದನ್ನು ಕಡೆಗಣಿಸಿದರೆ ವೇಗದ ಮೋಡ್ ಸಿಗಲ್ಲ.

ಉತ್ತರ 3
ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಸೇರಿಸಿದ ಮೇಲೆ ರಿಮೂವ್ ಫಂಕ್ಷನ್ (ಡ್ರೈವರ್ ತೆಗೆಯುವಾಗ ಓಡೋದು) ಮತ್ತೆ ಓದಿ. ಡಿವೈಸ್ ಮಲಗಿದ್ದರೆ ಕ್ಲಾಕ್ ಆಗಲೇ ಆರಿರುತ್ತೆ, ನೀವು ಇನ್ನೊಮ್ಮೆ ಆರಿಸಿದರೆ ಕರ್ನಲ್ ವಾರ್ನಿಂಗ್ ಕೊಡುತ್ತೆ. ಮೊದಲು ಡಿವೈಸ್ ಎಬ್ಬಿಸಿ, ಹೋಸ್ಟ್ ತೆಗೆಯಿರಿ, ರನ್‌ಟೈಮ್ ಪಿಎಂ ನಿಲ್ಲಿಸಿ, ಕ್ಲಾಕ್ ಕೊನೆಗೆ. ಕ್ಲಾಕ್ ಆನ್ ಮಾಡೋ ಮುಂಚಿನ ಪ್ರಿಪೇರ್ ಕರೆ ನಿದ್ದೆಗೆ ಹೋಗಬಹುದು (ಕಾಯುತ್ತಾ ನಿಲ್ಲಬಹುದು), ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಬೇಡ.

ಕೇಳಿದವರು
ಬಸ್ ಕ್ಲಾಕ್ ಎನೇಬಲ್ ಕೌಂಟ್ 0 ಇತ್ತು! ಪ್ರೋಬ್‌ನಲ್ಲಿ ಸೇರಿಸಿದೆ, ಒಂದು ಗಂಟೆಯಿಂದ ನಿಂತಿಲ್ಲ. ನಾಳೆ ಸ್ಕೋಪ್ ಹಿಡಿದು 400 ನೋಡ್ತೀನಿ. ಎಲ್ಲರಿಗೂ ತುಂಬಾ ಧನ್ಯವಾದ.