ಡ್ರ್ಯಾಗನ್ ಬಾಲ್ ಝೀ ಪೂರ್ತಿ ಡಿಸ್ಕ್‌ಗಳಲ್ಲಿ ಬೇಕು, ಯಾವ ಸೆಟ್ ತಗೊಳ್ಳಲಿ?

ಮೈಸೂರಿನ_ಗೋಹಾನ್

ಎಲ್ಲರಿಗೂ ನಮಸ್ಕಾರ. ಡ್ರ್ಯಾಗನ್ ಬಾಲ್ ಝೀ ಅನ್ನುವ ಜಪಾನಿ ಅನಿಮೆ ಸರಣಿಯ ಪೂರ್ತಿ 291 ಕಂತುಗಳನ್ನು ಡಿಸ್ಕ್‌ಗಳಲ್ಲಿ ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಬಹಳ ದಿನದ ಆಸೆ. ಸ್ಟ್ರೀಮಿಂಗ್ ನಂಬಿಕೊಂಡು ಕೂರುವುದಕ್ಕೆ ಮನಸ್ಸಿಲ್ಲ, ಲೈಸೆನ್ಸ್ ಮುಗಿದರೆ ಹೇಳದೆ ಕೇಳದೆ ತೆಗೆದುಬಿಡುತ್ತಾರೆ. 2024ರ ಮಾರ್ಚ್‌ನಲ್ಲಿ ಇದರ ಮೂಲ ಕರ್ತೃ ಅಕಿರಾ ತೊರಿಯಾಮ ತೀರಿಕೊಂಡ ಮೇಲೆ ಅವರ ಮಾಂಗಾ (ಚಿತ್ರಕಥೆ ಪುಸ್ತಕ) ಪೂರ್ತಿ ಇನ್ನೊಂದು ಸಲ ಓದಿದೆ. ಈಗ ಅನಿಮೆಯನ್ನೂ ಮೊದಲಿಂದ ನೋಡಬೇಕು, ಅದೂ ಒಳ್ಳೆಯ ಪ್ರತಿಯಲ್ಲಿ.

ಹುಡುಕಲು ಹೋದರೆ ತಲೆ ಕೆಟ್ಟುಹೋಯಿತು. ಕಿತ್ತಳೆ ಬಣ್ಣದ ಸೀಸನ್ ಬಾಕ್ಸ್ ಅಂತೆ, ಡ್ರ್ಯಾಗನ್ ಬಾಕ್ಸ್ ಅಂತೆ, ಬ್ಲೂ-ರೇ ಸೀಸನ್ ಸೆಟ್, 30ನೇ ವಾರ್ಷಿಕೋತ್ಸವದ ಸೆಟ್, ಲೋಹದ ಡಬ್ಬದ ಸ್ಟೀಲ್‌ಬುಕ್... ಎಲ್ಲದರಲ್ಲೂ ಇರುವುದು ಅದೇ ಕಂತುಗಳು ಅಲ್ವಾ? ಹಾಗಿದ್ದರೆ ಹೊಸ ಬ್ಲೂ-ರೇ ತಗೊಂಡರೆ ಮುಗಿಯಿತು ಅನ್ನಿಸುತ್ತದೆ. ಆದರೆ ಹಳೇ ಡಿವಿಡಿ ಬಾಕ್ಸ್‌ಗಳಿಗೆ ಜನ ಬ್ಲೂ-ರೇಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಕೊಡುತ್ತಿದ್ದಾರೆ. ಯಾಕೆ? ಇನ್ನೊಂದು ವಿಷಯ. ಪೂರ್ತಿ ಸರಣಿ ಒಂದೇ ಪುಟ್ಟ ಬಾಕ್ಸ್‌ನಲ್ಲಿ, ತುಂಬಾ ಕಮ್ಮಿ ಬೆಲೆಗೆ, 'ಎಲ್ಲಾ ರೀಜನ್' (ಯಾವ ದೇಶದ ಪ್ಲೇಯರ್‌ನಲ್ಲೂ ಓಡುತ್ತದೆ) ಅಂತ ಬರೆದು ಆನ್‌ಲೈನ್‌ನಲ್ಲಿ ಮಾರುತ್ತಿದ್ದಾರೆ. ಅದನ್ನು ತಗೊಳ್ಳಬಹುದಾ? ನನ್ನ ಹತ್ತಿರ ಇರುವುದು ಇಲ್ಲೇ ಕೊಂಡ ಮಾಮೂಲಿ ಪ್ಲೇಯರ್. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ_ರೀಲು

ಒಳ್ಳೆಯ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ಈ ಸರಣಿಯ ಮಟ್ಟಿಗೆ ಬ್ಲೂ-ರೇ ಅಂದರೆ ಚೆನ್ನಾಗಿರುತ್ತದೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಚಿತ್ರ ಎಷ್ಟು ಉಳಿದಿದೆ, ಎಷ್ಟು ಕತ್ತರಿಸಿದ್ದಾರೆ, ಎಷ್ಟು ಒರೆಸಿದ್ದಾರೆ ಅನ್ನುವುದನ್ನು ನೋಡಿ ಕೊಳ್ಳಬೇಕು.

ಝೀ ಜಪಾನಿನ ಫುಜಿ ಟಿವಿಯಲ್ಲಿ 1989ರ ಏಪ್ರಿಲ್‌ನಿಂದ 1996ರ ಜನವರಿವರೆಗೆ ಬಂತು. ತೋಯಿ ಅನಿಮೇಷನ್‌ನವರು ಸೆಲ್ ಅನ್ನುವ ಪಾರದರ್ಶಕ ಹಾಳೆ ಮೇಲೆ ಕೈಯಲ್ಲಿ ಬಣ್ಣ ಹಾಕಿ, 16 ಎಂಎಂ ಫಿಲ್ಮ್‌ನಲ್ಲಿ ಶೂಟ್ ಮಾಡಿದ್ದು. ಆಗಿನ ಟಿವಿಗೆ ತಕ್ಕಂತೆ ಚಿತ್ರ 4:3. ಪ್ರತಿ ಫ್ರೇಮನ್ನೂ ಆ ಚೌಕಕ್ಕೆ ಲೆಕ್ಕ ಹಾಕಿಯೇ ಬರೆದಿದ್ದಾರೆ. ಈಗಿನ ಅಗಲದ ಟಿವಿ 16:9. ಅಗಲ ಹಾಗೇ ಇಟ್ಟು 4:3 ಚಿತ್ರವನ್ನು 16:9 ಮಾಡಬೇಕಾದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಅಮೆರಿಕದಲ್ಲಿ ಫ್ಯೂನಿಮೇಷನ್ ಕಂಪನಿ 2007ರಿಂದ 2009ರವರೆಗೆ ತಂದ ಒಂಬತ್ತು ಕಿತ್ತಳೆ ಬಾಕ್ಸ್‌ಗಳಲ್ಲಿ ಆಗಿದ್ದು ಇದೇ. ಫಿಲ್ಮ್‌ನ ಎರಡು ಪಕ್ಕದಲ್ಲಿ ಮುಂಚೆ ಕಾಣದಿದ್ದ ಸ್ವಲ್ಪ ಜಾಗ ಸಿಕ್ಕಿತು ನಿಜ, ಆದರೆ ಮೇಲೆ ಕೆಳಗೆ ಹೋಗಿದ್ದು ಅದಕ್ಕಿಂತ ತುಂಬಾ ಜಾಸ್ತಿ. ಫ್ರೇಮಿಗೆ ಹೊಂದಲಿಲ್ಲ ಅಂತ ಮದುವೆ ಫೋಟೋದಲ್ಲಿ ಹಿಂದಿನ ಸಾಲಿನವರ ತಲೆ ಕತ್ತರಿಸಿದ ಹಾಗೆ. ಅದರಲ್ಲೂ ಈ ಸರಣಿಯಲ್ಲಿ ಒಬ್ಬ ಆಕಾಶದಲ್ಲಿ, ಇನ್ನೊಬ್ಬ ನೆಲದ ಮೇಲೆ ನಿಂತು ಹೊಡೆದಾಡುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಹೊಡೆದಾಟದ ಅಂದವೇ ಹೋಗುತ್ತದೆ.

ಎರಡನೆಯದು ಒರೆಸುವುದು. ಫಿಲ್ಮ್ ಅಂದಮೇಲೆ ಕಾಳುಕಾಳಾದ ಗ್ರೇನ್ ಇದ್ದೇ ಇರುತ್ತದೆ. ಅದನ್ನು ಕಸ ಅಂದುಕೊಂಡು ಕಂಪ್ಯೂಟರ್‌ನಲ್ಲಿ ಒರೆಸಿದಾಗ ತೆಳ್ಳಗಿನ ಗೆರೆಗಳೂ ಜೊತೆಗೆ ಹೋಗುತ್ತವೆ. ಬಟ್ಟೆಯ ನೆರಿಗೆ, ದೂರದಲ್ಲಿ ನಿಂತವರ ಕಣ್ಣು ಮೂಗು, ಹಿನ್ನೆಲೆಯ ಬಂಡೆಗಳ ಮೇಲಿನ ಕುಂಚದ ಗುರುತು, ಎಲ್ಲಾ ಮೇಣ ಬಳಿದಂತೆ ನುಣ್ಣಗಾಗುತ್ತದೆ. ಯಾರೋ ಕೂತು, ಬೆನ್ನು ಬಗ್ಗಿಸಿ ಎಳೆದ ಗೆರೆಗಳು ಅವು. ನನಗೆ ಅದನ್ನು ನೋಡಿದರೆ ನಿಜವಾಗಲೂ ಸಂಕಟ ಆಗುತ್ತದೆ. 2013–14ರ ಬ್ಲೂ-ರೇ ಸೀಸನ್ ಸೆಟ್‌ಗಳಲ್ಲಿ ಕತ್ತರಿಸುವುದು, ಒರೆಸುವುದು ಎರಡೂ ಇವೆ. 2019ರ 30ನೇ ವಾರ್ಷಿಕೋತ್ಸವದ ಸೆಟ್ 4:3ಕ್ಕೆ ವಾಪಸ್ ಬಂತು, ಅದು ಒಳ್ಳೆಯದೇ, ಆದರೆ ಒರೆಸುವ ಚಾಳಿ ಬಿಡಲಿಲ್ಲ. ಆಮೇಲೆ ಬಂದ ಸ್ಟೀಲ್‌ಬುಕ್‌ಗಳಲ್ಲಿ ಇರುವುದೂ ಅದೇ ಚಿತ್ರ.

ಹಾಗಾಗಿ ಡ್ರ್ಯಾಗನ್ ಬಾಕ್ಸ್‌ಗೆ ಅಷ್ಟು ಬೆಲೆ. ಜಪಾನಿನಲ್ಲಿ ಈ ಟಿವಿ ಸರಣಿ ಮನೆಗೆ ಕೊಂಡು ತರುವ ಹಾಗೆ ಮೊದಲು ಸಿಕ್ಕಿದ್ದೇ 2003ರಲ್ಲಿ, ಪೋನಿ ಕ್ಯಾನ್ಯನ್ ತಂದ ಎರಡು ದೊಡ್ಡ ಡ್ರ್ಯಾಗನ್ ಬಾಕ್ಸ್‌ಗಳಲ್ಲಿ. ಚಿತ್ರ ಪೂರ್ತಿ 4:3, ಗ್ರೇನ್ ಇದೆ, ಬಣ್ಣ ಹದವಾಗಿದೆ. ಆದರೆ ಅದರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇಲ್ಲ, ಜಪಾನಿ ಬಾರದವರಿಗೆ ಕಷ್ಟ. ನಮ್ಮಂಥವರಿಗೆ ಸರಿಹೋಗುವುದು ಫ್ಯೂನಿಮೇಷನ್ ಅದೇ ಚಿತ್ರ ಬಳಸಿ 2009ರಿಂದ 2011ರವರೆಗೆ ತಂದ ಏಳು ಡ್ರ್ಯಾಗನ್ ಬಾಕ್ಸ್‌ಗಳು. ಮೊದಲ ಆರರಲ್ಲಿ 42 ಕಂತು, ಕೊನೆಯದರಲ್ಲಿ 39. ಸಬ್‌ಟೈಟಲ್ ಇದೆ, ಮುಂದಿನ ಕಂತಿನ ಮುನ್ನೋಟಗಳೂ ಹಾಗೇ ಇವೆ, ಜೊತೆಗೆ ಒಂದು ಪುಸ್ತಕ. ಅಚ್ಚು ನಿಂತು ವರ್ಷಗಳಾದವು. ಅದಕ್ಕೇ ಸೆಕೆಂಡ್ ಹ್ಯಾಂಡ್ ಬೆಲೆ ಏರಿ ಕೂತಿದೆ.

ಟೆಕ್ಸಾಸ್_ಕನ್ನಡಿಗ

ಹಳೇ ರೀಲು ಸಾರ್ ಚಿತ್ರದ ಬಗ್ಗೆ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಆದರೆ ಸದ್ದಿನ ವಿಷಯ ಬಿಟ್ಟುಹೋಗಿದೆ. ನಾನು ಸ್ಕೂಲಿಗೆ ಹೋಗುತ್ತಿದ್ದದ್ದು ಇಲ್ಲೇ ಅಮೆರಿಕದಲ್ಲಿ. ಸಂಜೆ ಮನೆಗೆ ಬಂದರೆ ಕಾರ್ಟೂನ್ ನೆಟ್‌ವರ್ಕ್‌ನ ಟೂನಾಮಿಯಲ್ಲಿ ಝೀ. ನಮ್ಮ ಕಿವಿಯಲ್ಲಿ ಕೂತಿರುವುದು ಬ್ರೂಸ್ ಫಾಲ್ಕನರ್ ತಂಡ ಮಾಡಿದ ಸಂಗೀತ. ಜಪಾನಿನ ಮೂಲ ಸಂಗೀತ ಶುನ್‌ಸುಕೆ ಕಿಕುಚಿ ಅವರದ್ದು, ಅದು ಬೇರೆಯೇ ಥರ, ದೊಡ್ಡ ವಾದ್ಯವೃಂದ. ಫಾಲ್ಕನರ್‌ದು ಸಿಂಥ್, ಗಿಟಾರ್, ಅಬ್ಬರ. ನನಗೆ ಎರಡೂ ಇಷ್ಟ. ಆದರೆ ಕಥಾನಾಯಕ ಗೋಕು ಮೊದಲ ಸಲ ಸೂಪರ್ ಸೈಯನ್ ಅನ್ನುವ ಮಹಾಬಲದ ರೂಪ ತಾಳುವಾಗ ಆ ಅಮೆರಿಕನ್ ಸಂಗೀತ ಇಲ್ಲದಿದ್ದರೆ ನನ್ನ ಎದೆಗೆ ಅದು ತಟ್ಟುವುದೇ ಇಲ್ಲ, ಏನು ಮಾಡಲಿ.

ಕೊಳ್ಳುವ ಮುಂಚೆ ಇದು ಗೊತ್ತಿರಲಿ, ಡ್ರ್ಯಾಗನ್ ಬಾಕ್ಸ್‌ನಲ್ಲಿ ಫಾಲ್ಕನರ್ ಸಂಗೀತ ಇಲ್ಲ. ಜಪಾನಿ ಟ್ರ್ಯಾಕ್ ಇದೆ, ಇಂಗ್ಲಿಷ್ ಮಾತು ಇದೆ, ಆದರೆ ಇಂಗ್ಲಿಷ್ ಮಾತಿನ ಹಿಂದೆ ಬರುವುದು ಜಪಾನಿ ಸಂಗೀತವೇ. ಕಿತ್ತಳೆ ಬಾಕ್ಸ್‌ನಲ್ಲಿ ಮೂರೂ ಸಿಗುತ್ತವೆ: ಜಪಾನಿ, ಇಂಗ್ಲಿಷ್ ಮಾತಿಗೆ ಜಪಾನಿ ಸಂಗೀತ, ಇಂಗ್ಲಿಷ್ ಮಾತಿಗೆ ಅಮೆರಿಕನ್ ಸಂಗೀತ. ಇಲ್ಲಿನ ಹಳೇ ಪುಸ್ತಕ-ಡಿಸ್ಕ್ ಅಂಗಡಿಗಳಲ್ಲಿ ಕಿತ್ತಳೆ ಬಾಕ್ಸ್ ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತದೆ. ಚಿತ್ರ ಕತ್ತರಿಸಿದ್ದಾರೆ ಅಂತ ಅದನ್ನು ಮುಟ್ಟಲೇಬೇಡಿ ಅನ್ನುವುದು ನನ್ನ ಪ್ರಕಾರ ಸರಿಯಲ್ಲ. ನನ್ನ ಶೆಲ್ಫಿನಲ್ಲಿ ಎರಡೂ ಇವೆ, ಎರಡನ್ನೂ ನೋಡುತ್ತೇನೆ.

ಹಳೇ_ರೀಲು

ಒಪ್ಪಿದೆ. ಬಾಲ್ಯದಲ್ಲಿ ಕೇಳಿದ ಸದ್ದು ಬೇಕು ಅನ್ನುವವರಿಗೆ ಕಿತ್ತಳೆ ಬಾಕ್ಸ್ ಒಂದು ದಾರಿ. ಆದರೆ ಮೊದಲಿಂದ ನೋಡಬೇಕು, ಒಳ್ಳೆಯ ಪ್ರತಿಯಲ್ಲಿ ನೋಡಬೇಕು ಅಂತ ಮೈಸೂರಿನವರು ಕೇಳಿದ್ದಾರೆ. ಅವರಿಗೆ ನಾನು ಕತ್ತರಿಸಿದ ಚಿತ್ರ ಕೊಳ್ಳಿ ಅಂತ ಹೇಳಲಾರೆ.

ಸದ್ದಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಡ್ರ್ಯಾಗನ್ ಬಾಕ್ಸ್‌ನ ಜಪಾನಿ ಸದ್ದು ಫಿಲ್ಮ್ ಅಂಚಿನ ಆಪ್ಟಿಕಲ್ ಟ್ರ್ಯಾಕ್‌ನಿಂದ ಬಂದದ್ದು. ಹಾಗಾಗಿ ಸ್ವಲ್ಪ ಮಬ್ಬು, ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಆ ಕಾಲದಲ್ಲಿ ಟಿವಿಯಿಂದ ಟೇಪಿಗೆ ಹಿಡಿದಿಟ್ಟುಕೊಂಡ ಜಪಾನಿನ ಅಭಿಮಾನಿಗಳ ಹತ್ತಿರ ಇದಕ್ಕಿಂತ ಚೊಕ್ಕ ಸದ್ದು ಉಳಿದಿದೆ. ಕಂಪನಿಗಳು ಬಿಟ್ಟಿದ್ದನ್ನು ಅಭಿಮಾನಿಗಳು ಕಾಪಾಡಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

ಉಡುಪಿ_ಸಂಗ್ರಾಹಕಿ

ಆ ಅಗ್ಗದ ಪುಟ್ಟ ಬಾಕ್ಸ್ ಬೇಡ! ಅದು ನಕಲಿ. 291 ಕಂತುಗಳನ್ನು ಅಷ್ಟು ಕಮ್ಮಿ ಡಿವಿಡಿಗಳಲ್ಲಿ ತುರುಕಿದರೆ ಚಿತ್ರ ಚೌಕಚೌಕವಾಗಿ ಒಡೆಯದೆ ಇರುವುದಿಲ್ಲ. ಲೆಕ್ಕ ನೋಡಿ, ಅಸಲಿ ಡ್ರ್ಯಾಗನ್ ಬಾಕ್ಸ್‌ನಲ್ಲಿ 42 ಕಂತಿಗೆ ಆರು ಡಿಸ್ಕ್, ಅಂದರೆ ಒಂದಕ್ಕೆ ಏಳು ಕಂತು. ಒಂದೇ ಡಿಸ್ಕ್‌ನಲ್ಲಿ ಇಪ್ಪತ್ತು ಮೂವತ್ತು ಕಂತು ಅಂದರೆ ಅಲ್ಲೇ ಅನುಮಾನ ಪಡಬೇಕು. ಅಸಲಿ ಡಿವಿಡಿ ಸೆಟ್‌ಗಳ ಮೇಲೆ ಒಂದು ರೀಜನ್ ಸಂಖ್ಯೆ ಇರುತ್ತದೆ, ಆದ್ದರಿಂದ 'ಎಲ್ಲಾ ರೀಜನ್' ಅನ್ನುವುದೂ ಒಂದು ಸುಳಿವು. ಡಿಸ್ಕ್ ತಿರುಗಿಸಿ ನೋಡಿ, ಅಡಿಭಾಗ ನೇರಳೆ ಬಣ್ಣಕ್ಕೆ ಹೊಡೆದರೆ ಅದು ಮನೆಯಲ್ಲಿ ಬರೆದ ಡಿವಿಡಿ. ಕಾರ್ಖಾನೆಯಲ್ಲಿ ಒತ್ತಿದ್ದು ಬೆಳ್ಳಿ ಅಥವಾ ತಿಳಿ ಚಿನ್ನದ ಬಣ್ಣ ಇರುತ್ತದೆ, ನಡುವಿನ ಉಂಗುರದಲ್ಲಿ ಐಎಫ್‌ಪಿಐ ಅಂತ ಶುರುವಾಗುವ ಪುಟ್ಟ ಕೋಡ್ ಕಾಣುತ್ತದೆ. ಮಾರುವವರನ್ನು ಆ ಉಂಗುರದ ಫೋಟೋ ಕೇಳಿ. ಅಸಲಿ ಇದ್ದವರು ಸಂತೋಷವಾಗಿ ಕಳಿಸುತ್ತಾರೆ. ನನಗೆ ಒಬ್ಬ ಮಾರಾಟಗಾರ ಬರೀ ಕವರ್‌ನ ಫೋಟೋ ಕಳಿಸಿ ದಿನ ದೂಡುತ್ತಿದ್ದ, ಅಂಥವರ ಸಹವಾಸ ಬಿಟ್ಟುಬಿಡುವುದೇ ಒಳ್ಳೆಯದು.

ಪ್ಲೇಯರ್ ವಿಷಯ. ಡಿವಿಡಿಯಲ್ಲಿ ಭಾರತ ರೀಜನ್ 5, ಅಮೆರಿಕ 1, ಜಪಾನ್ ಮತ್ತು ಬ್ರಿಟನ್ 2. ಬ್ಲೂ-ರೇಯಲ್ಲಿ ನಾವು 'ಸಿ', ಅಮೆರಿಕ ಮತ್ತು ಜಪಾನ್ ಎರಡೂ 'ಎ'. ಅಂದರೆ ಅಮೆರಿಕದ ಡ್ರ್ಯಾಗನ್ ಬಾಕ್ಸ್ ನಿಮ್ಮ ಪ್ಲೇಯರ್‌ನಲ್ಲಿ ಓಡದೆ ಇರಬಹುದು. ಕೆಲವು ಡಿವಿಡಿ ಪ್ಲೇಯರ್‌ಗಳನ್ನು ರಿಮೋಟ್‌ನಲ್ಲೇ ಒಂದು ಕೋಡ್ ಒತ್ತಿ ಎಲ್ಲಾ ರೀಜನ್‌ಗೆ ತೆರೆಯಬಹುದು, ನಿಮ್ಮ ಮಾಡೆಲ್ ನಂಬರ್ ಹಾಕಿ ಹುಡುಕಿ. ಕಂಪ್ಯೂಟರಿನ ಡಿವಿಡಿ ಡ್ರೈವ್ ಆದರೆ ಹುಷಾರು, ರೀಜನ್ ಬದಲಾಯಿಸಲು ಐದೇ ಅವಕಾಶ, ಐದನೆಯ ಸಲ ಎಲ್ಲಿ ನಿಲ್ಲಿಸಿದಿರೋ ಅಲ್ಲೇ ಬೀಗ ಬೀಳುತ್ತದೆ. ಈ ಸಂಗ್ರಹಕ್ಕೇ ಅಂತ ಇನ್ನೊಂದು ಡ್ರೈವ್ ಇಟ್ಟು ಅದನ್ನು ರೀಜನ್ 1ಕ್ಕೆ ಬಿಟ್ಟುಬಿಡುವುದು ಸುಲಭ.

ಇನ್ನು ಇಡುವುದು. ನಮ್ಮ ಕರಾವಳಿ ಮಳೆಗಾಲದಲ್ಲಿ ರಟ್ಟಿನ ಬಾಕ್ಸ್‌ಗೆ ಬೂಸ್ಟು ಬರುವುದು ಖಂಡಿತ, ಡಿಸ್ಕಿಗಿಂತ ಮುಂಚೆ ಪುಸ್ತಕ, ಹೊರಕವಚ ಹಾಳಾಗುತ್ತವೆ. ಮೈಸೂರಿನಲ್ಲಿ ಅಷ್ಟು ತೊಂದರೆ ಇಲ್ಲ, ಆದರೂ ಗೋಡೆಗೆ ತಾಗಿಸಿ ಇಡಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಿಸ್ಕ್‌ಗಳನ್ನು ಪುಸ್ತಕದ ಥರ ನಿಲ್ಲಿಸಿ ಇಡಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಬೇಡ.

ಮೈಸೂರಿನ_ಗೋಹಾನ್

ತುಂಬಾ ಧನ್ಯವಾದ ಎಲ್ಲರಿಗೂ. ಹಾಗಾದರೆ ಡ್ರ್ಯಾಗನ್ ಬಾಕ್ಸ್ ಕಡೆಗೇ ಹೋಗುತ್ತೇನೆ. ಏಳನ್ನೂ ಒಟ್ಟಿಗೆ ಕೊಳ್ಳಲು ಈಗ ಆಗುವುದಿಲ್ಲ, ಒಂದೊಂದೇ ತರಿಸಬೇಕು, ಕಸ್ಟಮ್ಸ್ ಸುಂಕ ಬೇರೆ ಇದೆ. ಮೊದಲು ಒಂದೇ ಒಂದು ತಗೊಳ್ಳುವುದಾದರೆ ಯಾವುದು? ಇನ್ನೊಂದು, 'ಲೆವೆಲ್' ಅಂತ ಒಂದು ಬ್ಲೂ-ರೇ ಕಣ್ಣಿಗೆ ಬಿತ್ತು, ಅದೇನು?

ಹಳೇ_ರೀಲು

ಲೆವೆಲ್ ಸೆಟ್‌ಗಳು ಈ ಸರಣಿಗೆ ಸಿಕ್ಕ ಅತ್ಯಂತ ಒಳ್ಳೆಯ ಕೆಲಸ ಅಂತ ನನ್ನ ಅಭಿಪ್ರಾಯ. ಫ್ಯೂನಿಮೇಷನ್‌ನವರು 2011ರ ಕೊನೆಗೆ ಶುರು ಮಾಡಿದರು. 4:3 ಚಿತ್ರ, ಫಿಲ್ಮಿನಿಂದ ನೇರವಾಗಿ, ಒಂದೊಂದು ಫ್ರೇಮ್ ಕೂತು ಸರಿಮಾಡಿದ್ದು, ಗ್ರೇನ್ ಹಾಗೇ ಇದೆ. 1.1 ಮತ್ತು 1.2 ಅಂತ ಎರಡು ಬಂದವು, ತಲಾ 17 ಕಂತು. 2012ರ ಆರಂಭದಲ್ಲೇ ನಿಲ್ಲಿಸಿಬಿಟ್ಟರು. ಅಷ್ಟು ಸೂಕ್ಷ್ಮದ ಕೆಲಸವನ್ನು 291 ಕಂತಿಗೂ ಮಾಡುವ ಖರ್ಚು, ಶ್ರಮ ಎರಡೂ ಭಾರಿ. ಹೀಗಾಗಿ 34 ಕಂತಿಗೆ ನಿಂತಿತು, ಸರಣಿಯ ಮೊದಲ ಭಾಗವಾದ ಸೈಯನ್ ಕಥೆ ಮುಗಿಯುವುದಕ್ಕೂ ಮುಂಚೆ. ಬ್ಲೂ-ರೇ 'ಎ' ರೀಜನ್ ಪ್ಲೇಯರ್ ಇದ್ದು, ಸರಿಯಾದ ಬೆಲೆಗೆ ಸಿಕ್ಕರೆ ತಗೊಳ್ಳಿ. ಆ ಎರಡು ಡಬ್ಬ ನೋಡಿದ ಮೇಲೆ ಉಳಿದ 257 ಕಂತುಗಳೂ ಹೀಗೇ ಬರಬೇಕಿತ್ತು ಅನ್ನಿಸದೆ ಇರುವುದಿಲ್ಲ.

ಟಿವಿಯಲ್ಲಿ ಎರಡು ಸೆಟ್ಟಿಂಗ್ ಸರಿ ಮಾಡಿಕೊಳ್ಳಿ. ಚಿತ್ರದ ಅಳತೆ 4:3, ಎಳೆದು ಅಗಲ ಮಾಡಬೇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ. ಚಲನೆ ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಪೂರ್ತಿ ಆಫ್. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಲ್ಲುತ್ತದೆ, ಟಿವಿ ಅದರ ನಡುವೆ ತನ್ನದೇ ಚಿತ್ರ ತುಂಬಿದರೆ ಹೊಡೆತದ ಬಿಸಿಯೇ ಹೋಗುತ್ತದೆ.

ಟೆಕ್ಸಾಸ್_ಕನ್ನಡಿಗ

ಮೊದಲನೆಯದಕ್ಕೆ ನನ್ನ ಓಟು 3ನೇ ಬಾಕ್ಸ್. 85ರಿಂದ 126ನೇ ಕಂತು. ಖಳನಾಯಕ ಫ್ರೀಜಾ ಜೊತೆಗೆ ಗೋಕುವಿನ ಕಾದಾಟ ಅದರಲ್ಲೇ, ಗೋಕು ಸೂಪರ್ ಸೈಯನ್ ಆಗುವ 95ನೇ ಕಂತೂ ಅದರಲ್ಲೇ.

ಉಡುಪಿ_ಸಂಗ್ರಾಹಕಿ

ಹೆಸರೇ ಗೋಹಾನ್ ಅಂತ ಇಟ್ಟುಕೊಂಡವರಿಗೆ 5ನೇದು ಕೊಡಿಸಿ ಅಣ್ಣ. 169ರಿಂದ 210. ಸೆಲ್ ಅನ್ನುವ ಖಳನಾಯಕನ ಎದುರು ಗೋಕುವಿನ ಮಗ ಗೋಹಾನ್ ತಿರುಗಿ ನಿಲ್ಲುವ 185ನೇ ಕಂತು ಅದರಲ್ಲಿದೆ. ಬೆಲೆ ವಾರ ವಾರ ಬದಲಾಗುತ್ತಿರುತ್ತದೆ, 3 ಅಥವಾ 5 ಯಾವುದು ಮೊದಲು ಒಳ್ಳೆಯ ಸ್ಥಿತಿಯಲ್ಲಿ, ಪುಸ್ತಕದ ಸಮೇತ ಸಿಗುತ್ತದೋ ಅದನ್ನು ಹಿಡಿದುಕೊಳ್ಳಿ. ಪುಸ್ತಕ ಇಲ್ಲದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ.