ಉ: ‘ಡಾಕ್ಟರ್ ಬರೋವರೆಗೂ’ ಇಂಗ್ಲಿಷಲ್ಲಿ ವಿಲ್ ಬೇಕಾ? (ಬೋರ್ಡಿಗೆ, ಅರ್ಜೆಂಟ್)

ಡಾಕ್ಟರಿಗೆ ಕಾಯೋರಿಗೆ ಹಾಕೋ ಬೋರ್ಡಿನ ಇಂಗ್ಲಿಷ್ ಕೇಳಿದ್ದೀರಿ, ಅದು ಸಂಜೆ ಪ್ರಿಂಟಿಗೆ ಹೋಗುತ್ತೆ ಅಂದಿದ್ದೀರಲ್ಲ ಮೇಡಂ, ಮೊದಲು ಅದನ್ನ ತಗೊಳ್ಳಿ: ‘ವೆಯ್ಟ್ ಅಂಟಿಲ್ ದ ಡಾಕ್ಟರ್ ಕಮ್ಸ್’, ‘ಕಮ್ ಇನ್ ವೆನ್ ಯುವರ್ ನೇಮ್ ಈಸ್ ಕಾಲ್ಡ್’. ಎರಡರಲ್ಲೂ ವಿಲ್ ಇಲ್ಲ. ಇದೇ ಪ್ರಶ್ನೆಗೆ ಮೇಲೆ ಉತ್ತರ ಬರೆದ ಒಬ್ಬರು ‘ಡಾಕ್ಟರು ಇನ್ನೂ ಬಂದಿಲ್ಲ, ಭವಿಷ್ಯತ್ ಕಾಲ ತಾನೇ, ವಿಲ್ ಕಮ್ ಹಾಕಿ’ ಅಂದಿದ್ದಾರೆ. ತಪ್ಪು, ಹಾಕಬೇಡಿ.

ನಮ್ಮವರಿಗೆ ಈ ತಪ್ಪು ಆಗೋದು ‘ಬರೋವರೆಗೂ’, ‘ಬರೋ ಮುಂಚೆ’ ಇಂದ. ಅಲ್ಲಿ ‘ಬರುವ’ ಕೇಳಿಸುತ್ತೆ, ಕೈ ತಾನಾಗೇ ವಿಲ್ ಬರೆಯುತ್ತೆ. ಆದ್ರೆ ‘ನಾಳೆ ಅವನು ಬಂದ ಮೇಲೆ ಹೇಳ್ತೀನಿ’ ಅಂತೀವಲ್ಲ, ನಾಳೆ ಮಾತಿಗೆ ‘ಬಂದ’ ಅಂತ ಭೂತರೂಪ ಹಾಕ್ತೀವಿ, ಯಾರಿಗೂ ಗೊಂದಲ ಆಗಲ್ಲ, ಯಾಕಂದ್ರೆ ಕೃದಂತ (‘ಬರುವ’, ‘ಬಂದ’ ಥರ ಕ್ರಿಯಾಪದದಿಂದಾದ ರೂಪ) ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನಷ್ಟೇ ಹೇಳುತ್ತೆ, ಉಳಿದದ್ದು ಕೊನೇ ಕ್ರಿಯಾಪದದ ಕೆಲಸ. ಇಂಗ್ಲಿಷಲ್ಲೂ ಮುಖ್ಯ ವಾಕ್ಯದಲ್ಲಿ ಒಂದು ವಿಲ್, ಇಲ್ಲಾ ಬೋರ್ಡಲ್ಲಿರೋ ‘ವೆಯ್ಟ್’, ‘ಕಮ್ ಇನ್’ ಥರ ಆಜ್ಞೆ ಇದ್ರೆ ಮುಗೀತು, ವೆನ್, ಆಫ್ಟರ್, ಬಿಫೋರ್, ಅಂಟಿಲ್ ಆದ್ಮೇಲೆ ವರ್ತಮಾನವೇ. ಕೆಲಸ ಪೂರ್ತಿ ಮುಗಿದಿರಬೇಕು ಅಂತ ಒತ್ತಿ ಹೇಳೋಕೆ ‘ಆಫ್ಟರ್ ಯು ಹ್ಯಾವ್ ಪೇಯ್ಡ್’ ಅನ್ನಬಹುದು.

ಹಾಗಾದ್ರೆ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿ ಹೇಗೆ ಅಂತ ಕೇಳಿದ್ರಿ, ಒಳ್ಳೇ ಪ್ರಶ್ನೆ. ಅದನ್ನ ಕನ್ನಡದಲ್ಲಿ ಹೇಳಿ ನೋಡಿ, ‘ಅವನು ಯಾವಾಗ ಬರ್ತಾನೋ ಗೊತ್ತಿಲ್ಲ’. ಇಲ್ಲಿ ‘ಬಂದಾಗ ಗೊತ್ತಿಲ್ಲ’ ಅನ್ನೋಕಾಗುತ್ತಾ? ಆಗಲ್ಲ. ‘ಬಂದಾಗ’ ಕೂರೋ ಜಾಗದಲ್ಲಿ ವಿಲ್ ಬೇಡ, ‘ಯಾವಾಗ’ ಅನ್ನೋ ಪ್ರಶ್ನೆಯೇ ಒಳಗಿದ್ರೆ ವಿಲ್ ಬರುತ್ತೆ. ನಾನು ಅನುವಾದ ಮಾಡುವಾಗ ನೋಡೋದು ಇದೊಂದನ್ನೇ.

ಇದೇನು ದೇವರು ಕೊಟ್ಟ ನಿಯಮ ಅಲ್ಲ. ಫ್ರೆಂಚಲ್ಲಿ ಇಂಥ ಕಡೆ ಭವಿಷ್ಯತ್ತನ್ನೇ ಹಾಕ್ತಾರೆ, 1611ರ ಇಂಗ್ಲಿಷ್ ಬೈಬಲ್ಲಲ್ಲೂ ‘ವೆನ್ ಹಿ ಶಾಲ್ ಅಪಿಯರ್’ ಅಂತಿದೆ. ವಿಲ್ ಮೂಲದಲ್ಲಿ ‘ಬಯಸು’ ಅನ್ನೋ ಅರ್ಥದ ಕ್ರಿಯಾಪದ, ಭವಿಷ್ಯತ್ತಿಗೆ ಅಂತಲೇ ಪ್ರತ್ಯಯ ಇಂಗ್ಲಿಷಿಗೆ ಇಲ್ಲ. ಆಡುಗನ್ನಡಕ್ಕೂ ಬೇರೆ ಇಲ್ಲ, ಈಗ್ಲೂ ‘ಬರ್ತಾನೆ’, ನಾಳೆಗೂ ‘ಬರ್ತಾನೆ’. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಅವರು ಕನ್ನಡಕ್ಕೆ ಎರಡೇ ಕಾಲ (ಭೂತ, ಭೂತವಲ್ಲದ್ದು) ಅಂದಿದ್ದು ಇದನ್ನ ನೋಡಿಯೇ. ಅವರು ಕಾಲಗಳಿಗೆ ಬಳಸೋ ಅಚ್ಚಗನ್ನಡ ಹೆಸರುಗಳ ಬಗ್ಗೆ ಇಲ್ಲೇ ‘ಭೂತ-ಭವಿಷ್ಯತ್ ಬಿಟ್ಟು ಹಿಂಬೊತ್ತು-ಮುಂಬೊತ್ತು ಅನ್ನೋದು ಹಟ’ ಅಂತ ಬರೆದವರೇ, ಹೆಸರು ಏನಾದ್ರೂ ಇಟ್ಕೊಳ್ಳಿ ಸಾರ್, ನಾನೂ ಹಳೇ ಹೆಸರನ್ನೇ ಬಳಸ್ತೀನಿ. ಸಂಸ್ಕೃತ ವ್ಯಾಕರಣದಿಂದ ಮೂರು ಕಾಲ ತಂದು, ಮೂರನೇದಕ್ಕೆ ವಿಲ್ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಲ್ಲ, ನನ್ನ ತಕರಾರು ಅದರ ಮೇಲೆ.

ಮೇಡಂ, ನಿಮ್ಮ ಕನ್ನಡ ಸಾಲು ‘ಯಾವಾಗ ನಿಮ್ಮ ಹೆಸರನ್ನು ಕರೆಯಲಾಗುತ್ತದೆಯೋ ಆಗ ಒಳಗೆ ಬರತಕ್ಕದ್ದು’ ಅಂತಿದೆ. ದಯವಿಟ್ಟು ‘ಹೆಸರು ಕರೆದಾಗ ಒಳಗೆ ಬನ್ನಿ’ ಅಂತ ಮಾಡಿ, ಅಕ್ಷರವೂ ದೊಡ್ಡದಾಗಿ ಹಾಕಬಹುದು.