ಟೋಕನ್ ಬಂತು, ಬೈಗುಳ ಜಾಸ್ತಿ ಆಯ್ತು. ತಪ್ಪು ಎಲ್ಲಿ?

ಶಿರಸಿಯಿಂದ ಪ್ರಶ್ನೆ:
ನಾನು ಒಂದು ಅಡಿಕೆ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಮೊಬೈಲ್ ಟೋಕನ್ ಶುರು ಮಾಡಿದೆವು. ತೂಕಕ್ಕೆ ಕಾಯುವ ಹೊತ್ತು ಅರ್ಧಕ್ಕೆ ಇಳಿಯಿತು. ಆದರೂ ಜನ ಬೈಯುತ್ತಾರೆ. ಘಟ್ಟದ ಕೆಳಗಿನ ಎಷ್ಟೋ ಮನೆಗಳಿಗೆ ಸಿಗ್ನಲ್ ಇಲ್ಲ. ಮೆಸೇಜ್ ಮುಟ್ಟುವಷ್ಟರಲ್ಲಿ ಸರದಿ ದಾಟಿರುತ್ತದೆ. ಮೊನ್ನೆ ಒಬ್ಬ ಅಜ್ಜ ಬಾಡಿಗೆ ಜೀಪಿನಲ್ಲಿ ಚಾಲಿ (ಒಣಗಿಸಿದ ಹಣ್ಣಡಿಕೆ) ಹೇರಿಕೊಂಡು ಬಂದರು. ಟೋಕನ್ ರದ್ದು ಅಂದದ್ದೇ ಮೂಟೆ ಮೇಲೆ ಕೂತುಬಿಟ್ಟರು. ಸಾಫ್ಟ್‌ವೇರ್ ಸರಿಯಾಗೇ ಇದೆ!

ಹುಲೇಕಲ್ ಕಡೆಯ ಬೆಳೆಗಾರ:
ತಮ್ಮಾ, ಸರದಿಯಲ್ಲಿ ನಿಂತಾಗಲೇ ನಮಗೆ ರಾಶಿ, ಬೆಟ್ಟೆ ಅಡಿಕೆಯ ದರದ ಸುದ್ದಿ ಸಿಗುತ್ತಿತ್ತು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಯಾವಾಗ ಬರ್ತಾನೆ ಅನ್ನುವುದೂ ಅಲ್ಲೇ ತಿಳಿಯುತ್ತಿತ್ತು. ನೀನು ಅದನ್ನೆಲ್ಲ ಸುಮ್ನೆ ಕಾಯುವುದು ಅಂತ ಲೆಕ್ಕ ಹಾಕಿದೆ.

ಕಾರವಾರದ ಮೇಷ್ಟ್ರು:
ಇದು ಹಳೇ ಕಥೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ 1951ರಲ್ಲಿ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಎಂಬ ಸಂಶೋಧಕರು ಇದನ್ನೇ ಬರೆದರು: ಯಂತ್ರ ಸರಿ ಇದ್ದರೂ ಜನರ ಹೊಂದಾಣಿಕೆ ಮುರಿದರೆ ಕೆಲಸ ಕೆಡುತ್ತದೆ. ಮೊದಲು ಚಿಕ್ಕ ತಂಡವೇ ಪೂರ್ತಿ ಕೆಲಸ ಮಾಡುತ್ತಿತ್ತು. ಯಂತ್ರ ಬಂದ ಮೇಲೆ ಕೆಲಸ ಮೂರು ಪಾಳಿಗೆ ಹರಿದು ಹಂಚಿಹೋಯಿತು. ಒಂದು ಪಾಳಿಯ ತಪ್ಪು ಇನ್ನೊಂದರ ತಲೆಗೆ. ಬ್ಯಾಮ್‌ಫೋರ್ತ್ ಮೊದಲು ಗಣಿ ಕೆಲಸದವರೇ, ಅದಕ್ಕೇ ಅವರ ಕಣ್ಣಿಗೆ ಬಿತ್ತು ಅನ್ನಿ. ಅಂದ ಹಾಗೆ, ಟೋಕನ್ ಹಿಂದೆಮುಂದೆ ಮಾಡಲು ನಿಮ್ಮ ಕೌಂಟರಿನವರಿಗೆ ಬಿಟ್ಟಿದ್ದೀರಾ?

ಕೇಳಿದವನು:
ಇಲ್ಲ ಸರ್. ಶಿಫಾರಸು ನಡೆಯಬಾರದು ಅಂತ ನಾನೇ ಬಂದ್ ಮಾಡಿದ್ದೆ. ಸೋಮವಾರದಿಂದ ದಿನಕ್ಕೆ 10 ಟೋಕನ್ ಅವರ ಕೈಗೇ ಬಿಡುತ್ತೇನೆ. ಲ್ಯಾಂಡ್‌ಲೈನ್ ಇದ್ದವರಿಗೆ ಫೋನ್ ಮಾಡಿಸುತ್ತೇನೆ. ಹೊರಗಿನ ಬೆಂಚನ್ನೂ ತೆಗೆಸಿದ್ದೆವು, ಅದನ್ನು ವಾಪಸ್ ಹಾಕಿಸಬೇಕು.